ಷರಾ ಬರೆಯದ ಒಂಬತ್ತು ದಿನ

ಬಿಳಿ ಅಂಗಿ ಹಾಕಿಕೊಂಡರೆ ಮದುವೆ ಮನೆಗೆ ಹೊರಟವನ ಹಾಗೆ ಕಾಣುತ್ತೇನೆ, ಚೌಕಳಿ ಅಂಗಿ ಹಾಕಿಕೊಂಡರೆ ಮೇಡಂ ಅವರ ಕಾರಿನ ಡ್ರೈವರ್ ಇರಬೇಕು ಅಂದುಕೊಳ್ಳುತ್ತಾರೆ ಎಂದು ತಿಪ್ಪೇರುದ್ರ ಎರಡೂ ಅಂಗಿಗಳನ್ನು ಮಂಚದ ಮೇಲೆ ಹರಡಿಕೊಂಡು ಆಗಿನಿಂದ ನಿಂತೇ ಇದ್ದ. ಅವರಿಗೆ ಕಾರೇ ಇರಲಿಲ್ಲ. ಆದರೂ ಅಂಥದೊಂದು ಅನುಮಾನ ತಲೆಗೆ ಹೊಕ್ಕ ಮೇಲೆ ಅಂಗಿ ಹಾಕಿಕೊಳ್ಳುವುದು ಕಷ್ಟ. ಹನ್ನೊಂದು ಗಂಟೆಗೆ ದಾವಣಗೆರೆಯ ಯೂನಿವರ್ಸಿಟಿಯಲ್ಲಿ ಹೆಂಡತಿಯ ಸೆಮಿನಾರು. ಪಿಎಚ್‌ಡಿ ಪ್ರಬಂಧ ಒಪ್ಪಿಸುವ ಮುಂಚಿನ ಕೊನೆಯ ಸೆಮಿನಾರು. ಅಲ್ಲಿ ದೊಡ್ಡವರು ಹೂಂ ಅಂದುಬಿಟ್ಟರೆ ಜ್ಯೋತಿಲಕ್ಷ್ಮಿ ಇನ್ನು ಡಾಕ್ಟರ್ ಜ್ಯೋತಿಲಕ್ಷ್ಮಿಯೇ. ಹೊನ್ನಾಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಂಡಿದ್ದವಳು ಮೂರು ವರ್ಷ ರಜೆ ಹಾಕಿ ದಾವಣಗೆರೆಯ ಹಾಸ್ಟೆಲಿನಲ್ಲಿ ಚಿಕ್ಕ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಊಟ ಮಾಡಿ ಇಲ್ಲಿಯ ತನಕ ಬಂದಿದ್ದಳು. ನಿನ್ನೆ ಸಂಜೆ ಫೋನಿನಲ್ಲಿ ನಗುತ್ತ ಹೇಳಿದ್ದಳು, "ರೀ, ನೀವು ಬರದಿದ್ರೂ ಹೆಂಗೋ ನಡೀತದೆ, ರಿಜಿಸ್ಟರ್ ಮಾತ್ರ ಬರ್ಲೇಬೇಕು." ತಮಾಷೆಗೆ ಅಂದ ಮಾತು, ಅವನಿಗೂ ಗೊತ್ತು. ಆದರೆ ಅವನು ಅದನ್ನು ರಾತ್ರಿ ಊಟದ ಜೊತೆ ತಿಂದು, ಬೆಳಿಗ್ಗೆ ಹಲ್ಲುಜ್ಜುವಾಗಲೂ ಅಗಿಯುತ್ತಿದ್ದ. ಕೊನೆಗೆ ಚೌಕಳಿಯನ್ನೇ ಹಾಕಿಕೊಂಡ. ಡ್ರೈವರ್ ಅಂದುಕೊಳ್ಳುವುದಾದರೆ ಅಂದುಕೊಳ್ಳಲಿ ಎಂಬ ಒಂದು ಬಗೆಯ ಹಟ ಅದರಲ್ಲಿತ್ತು.

ರಿಜಿಸ್ಟರು ನೀಲಿ ರಟ್ಟಿನ ಉದ್ದನೆ ಪುಸ್ತಕ. ಅದನ್ನು ಚೀಲಕ್ಕೆ ಹಾಕುವಾಗ ಕೈ ತಾನಾಗಿ ಆ ಪುಟ ತೆರೆಯಿತು. ತಾರೀಖು, ವೇಳೆ, ಉಷ್ಣಾಂಶ, ಗಾಳಿಯ ತೇವ, ವೋಲ್ಟು, ಚಿಕ್ಕ ಸಹಿ, ಕೊನೆಯಲ್ಲಿ ಅಗಲವಾದ ಷರಾ. ಗೆರೆಗಳನ್ನು ಹೊಡೆದವಳು ಜ್ಯೋತಿ, ತುಂಬಿದವನು ಇವನು. ಹನ್ನೊಂದು ತಿಂಗಳಿಂದ ಬೆಳಿಗ್ಗೆ ಏಳಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ತಾರಸಿ ಹತ್ತಿ, ಅಲ್ಲಿ ತಗಡಿನ ಸೂರಿನ ಕೆಳಗಿಟ್ಟಿರುವ ಡಬ್ಬಿಯ ಮೀಟರ್ ನೋಡಿ ಬರೆದದ್ದು. ಎರಡನೆಯದಕ್ಕೆ ತಾನು ವಿಜ್ಞಾನ ಹೇಳುವ ಶಾಲೆಯಿಂದ ಓಡಿ ಬರಬೇಕಾಗಿತ್ತು, ಶಾಲೆ ಎರಡು ಬೀದಿ ಆಚೆ. ಇಷ್ಟೂ ಪುಟಗಳಲ್ಲಿ ಷರಾ ಕಾಲಂ ಬೋಳಾಗಿತ್ತು. ಬರೆಯುವಂಥದ್ದು ಏನೂ ಆಗಿರಲಿಲ್ಲ, ಬರೆಯಬೇಕಾದದ್ದು ಆದಾಗ ಅವನು ಬರೆದಿರಲಿಲ್ಲ. ಅಕ್ಟೋಬರಿನ ಆ ಪುಟದಲ್ಲಿ ಅರ್ಧ ವೋಲ್ಟಿನ ಆಸುಪಾಸಿನಲ್ಲಿ ಆಡಿಕೊಂಡಿದ್ದ ಅಂಕಿ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ 0.93ಕ್ಕೆ ಹಾರಿ, ಒಂಬತ್ತು ದಿನ ನಿಧಾನ ಇಳಿಯುತ್ತ ಮೇಲೆಯೇ ಇದ್ದು, ಆಮೇಲೆ ಮತ್ತೆ ಅರ್ಧ ವೋಲ್ಟಿಗೆ ಬಂದಿತ್ತು. ಅವನ ಅಕ್ಷರ ದುಂಡಾಗಿ, ತಪ್ಪಿಲ್ಲದೆ, ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಪಳಗಿದ ಅಕ್ಷರ. ಓದಿದವರು ಯಾರೂ ಅನುಮಾನ ಪಡುವಂತಿರಲಿಲ್ಲ.

ಡಬ್ಬಿಯಲ್ಲಿ ಇದ್ದದ್ದು ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳನೆಯ ಬೂದು ಬಣ್ಣದ ಪೊರೆ. ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ತೂತು, ಒಂದು ಕೂದಲ ಅಗಲದಲ್ಲಿ ನೂರಾರು ಕೂರುವಷ್ಟು ಸಣ್ಣವು. ಗಾಳಿಯಲ್ಲಿ ತೇವ ಇದ್ದರೆ ಸಾಕು, ಅದು ಬಿಸಿಲು ಬೇಡದೆ, ಬೀಸುವ ಗಾಳಿ ಬೇಡದೆ, ಸುಮ್ಮನೆ ಕೂತಲ್ಲೇ ಕರೆಂಟು ಕೊಡುತ್ತದೆ. ಇದು ಹೇಗೆ ಎಂದು ಅವ್ವ ಕೇಳಿದ್ದಳು, ಡಬ್ಬಿ ತಂದಿಟ್ಟ ದಿನ. ತಿಪ್ಪೇರುದ್ರ ಗಂಟಲು ಸರಿಮಾಡಿಕೊಂಡು ವಿಭವಾಂತರ ಎಂಬ ಮಾತಿನಿಂದ ಶುರುಮಾಡಿದ್ದ. ಜ್ಯೋತಿ ಅತ್ತೆಯ ಪಕ್ಕ ಕೂತು, "ಅತ್ತೆ, ಸಂತೆಬೆನ್ನೂರು ಬಸ್ಸಿನಾಗೆ ಬಾಗಿಲಲ್ಲೇ ಜನ ನೂಕಾಡ್ತಾ ನಿಂತಿರ್ತಾರೆ, ಒಳಗೆ ಜಾಗ ಖಾಲಿ ಇರ್ತದಲ್ಲ, ಹಂಗೆ. ಗಾಳಿಯಾಗಿನ ನೀರಿನ ಕಣ ಮೇಲಿನ ತೂತಿನಾಗೆ ಬಂದು ಬಂದು ಗುದ್ತಾವೆ, ಕೆಳಗೆ ಇಳಿಯಾಕೆ ಅಷ್ಟು ಆಗಲ್ಲ. ಮೇಲೊಂದು ಥರ, ಕೆಳಗೊಂದು ಥರ. ಆ ಹೆಚ್ಚುಕಡಿಮೆನೇ ಕರೆಂಟು" ಅಂದಳು. "ಓ, ಇಷ್ಟೇನಾ" ಎಂದು ಅವ್ವ ತಲೆಯಾಡಿಸಿದಳು. ಇವನ ವಿಭವಾಂತರ ಗಂಟಲಲ್ಲೇ ಉಳಿಯಿತು. ಮದುವೆಯಾದ ಹೊಸತರಲ್ಲಿ ಎಂಎಸ್ಸಿ ಪರೀಕ್ಷೆಗೆ ಓದುತ್ತಿದ್ದ ಇದೇ ಹುಡುಗಿಗೆ ಇದೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಲೆಕ್ಕ ಬಿಡಿಸಿ ಕೊಟ್ಟವನು ತಾನು. ಅವಳು ಆಗ "ನಿಮಗೆ ಎಲ್ಲಾ ಬರ್ತದಲ್ರಿ" ಎಂದು ಬೆರಗಿನಿಂದ ನೋಡುತ್ತಿದ್ದಳು. ಆ ನೋಟ ಯಾವ ವರ್ಷ ನಿಂತುಹೋಯಿತು ಎಂದು ಅವನು ಎಷ್ಟೋ ಸಲ ಲೆಕ್ಕ ಹಾಕಲು ನೋಡಿದ್ದ, ಸಿಕ್ಕಿರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಕೆರೆ ಎಡಗಡೆ ಬಹಳ ಹೊತ್ತು ಜೊತೆಗೆ ಬಂತು, ಸೂಳೆಕೆರೆ ಅಷ್ಟು ಸುಲಭಕ್ಕೆ ಮುಗಿಯುವ ಕೆರೆಯಲ್ಲ. ಈ ಕೆರೆಯ ದಂಡೆಯ ಊರಿಗೆ ವರ್ಗವಾಗಿ ಬಂದಾಗ ಬೆಳಗಿನ ಹೊತ್ತು ಸೊಂಟಕ್ಕೆ ಹತ್ತುವ ತೇವಕ್ಕೆ ಬೈದುಕೊಂಡಿದ್ದ, ಗೋಡೆಯ ಬೂಷ್ಟಿಗೆ ಬೈದುಕೊಂಡಿದ್ದ. ಅದೇ ತೇವವನ್ನು ಹೆಂಡತಿ ಬಂದು ಹಿಡಿದು ಮೀಟರಿಗೆ ಕಟ್ಟಿದಳು. ತನ್ನ ಮೂಗಿನ ಕೆಳಗೇ ಇದ್ದದ್ದು. ಅವನಿಗೆ ಹೊಳೆಯಲಿಲ್ಲ, ಅವಳಿಗೆ ಹೊಳೆಯಿತು. ಹಾಗಂತ ಅವಳಿಗೂ ತಾನಾಗಿ ಹೊಳೆದದ್ದಲ್ಲ, ಎಲ್ಲೆಲ್ಲಿಯವರೋ ಮೊದಲೇ ಮಾಡಿದ್ದನ್ನು ಓದಿ ಇಲ್ಲಿಯ ಗಾಳಿಗೆ ಹೊಂದಿಸಿದಳು ಎಂದು ಅವನು ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹೇಳುವಾಗ ಮುಖದಲ್ಲಿ ವಿನಯ ಇರುವ ಹಾಗೆ ನೋಡಿಕೊಳ್ಳುತ್ತಿದ್ದ. ಹೆಡ್ ಮೇಷ್ಟ್ರು ಪಾಲಣ್ಣನವರು ಮಾತ್ರ ಒಮ್ಮೆ, "ಮನೆಯೋರು ಗಾಳಿಯಾಗೆ ಕರೆಂಟು ತೆಗೀತಾರಂತೆ, ನಿಮ್ಮ ಲ್ಯಾಬಿನ ಫ್ಯೂಸು ಹೋಗಿ ತಿಂಗಳಾಯ್ತು ನೋಡ್ರಿ" ಅಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಮಗಳು ಅರ್ಪಿತಾ ಶಾಲೆಯ ಪ್ರಬಂಧದಲ್ಲಿ 'ನನ್ನ ಆದರ್ಶ' ಎಂದು ಅಮ್ಮನ ಬಗ್ಗೆ ಎರಡು ಪುಟ ಬರೆದಿದ್ದಳು. ಅದರಲ್ಲಿ ಒಂದು ಸಾಲು: ನಮ್ಮ ತಂದೆಯವರು ಅಮ್ಮನಿಗೆ ಪ್ರತಿದಿನ ರೀಡಿಂಗ್ ತೆಗೆದುಕೊಡುತ್ತಾರೆ. ಮೀಟರ್ ರೀಡರ್ ಎಂದು ಬರೆಯಲಿಲ್ಲವಲ್ಲ, ಅಷ್ಟೇ ಪುಣ್ಯ. ಒಂದು ಭಾನುವಾರ ಜ್ಯೋತಿಯ ಲ್ಯಾಪ್‌ಟಾಪಿನಲ್ಲಿ ಪ್ರಬಂಧದ ಕರಡು ತೆರೆದಿತ್ತು. ನೂರ ಎಪ್ಪತ್ತು ಪುಟ. ಅವನು ತನ್ನ ಹೆಸರನ್ನು ಹುಡುಕಿದ್ದ. ಎಲ್ಲೂ ಇರಲಿಲ್ಲ. ಕೃತಜ್ಞತೆಯ ಪುಟದ ಕೊನೆಯಲ್ಲಿ 'ಮನೆಯವರ ಸಹಕಾರಕ್ಕೆ' ಎಂದಿತ್ತು, ಆ ಮನೆಯವರಲ್ಲಿ ಅವನೂ, ಅವ್ವನೂ, ಬಹುಶಃ ತಾರಸಿಯೂ ಸೇರಿದ್ದರು.

ಡಬ್ಬಿಗಳು ಒಟ್ಟು ಮೂರು. ಇನ್ನೊಂದು ನ್ಯಾಮತಿ ಕಡೆಯ ಗೋವಿನಕೋವಿಯಲ್ಲಿ, ಅವಳ ತವರಿನಲ್ಲಿ. ಅಲ್ಲಿ ಓದಿ ಬರೆಯುವವರು ಮಾವ ನಾಗೇಂದ್ರಪ್ಪ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೇಸಾಯಕ್ಕೆ ನಿಂತ ಮನುಷ್ಯ. ಅವರ ರಿಜಿಸ್ಟರ್ ನೋಡಿ ತಿಪ್ಪೇರುದ್ರ ಹೊಟ್ಟೆ ತುಂಬ ನಕ್ಕಿದ್ದ. ವೋಲ್ಟು ಬರೆಯುವ ಜಾಗಕ್ಕಿಂತ ಷರಾ ಕಾಲಮ್ಮೇ ಅಲ್ಲಿ ಗಿಜಿಗುಡುತ್ತಿತ್ತು. 'ಬೆಳಿಗ್ಗೆ ಮಂಜು. ಡಬ್ಬಿ ಮೇಲೆ ಓತಿಕ್ಯಾತ ಕೂತಿತ್ತು, ಓಡಿಸಿದೆ.' 'ಹೊಳೆ ಕಡೆ ಗಾಳಿ. ಪಕ್ಕದ ಮನೆಯವರು ಮೆಣಸಿನಕಾಯಿ ಹುರಿದರು, ಹೊಗೆ ಬಂತು.' 'ಇವತ್ತು ನಾನು ಹದಿನೈದು ನಿಮಿಷ ತಡ, ಎಮ್ಮೆ ಈಯಿತು.' ಮೂರನೆಯ ಡಬ್ಬಿ ಜಗಳೂರಿನಲ್ಲಿ, ಅವನ ಹುಟ್ಟೂರಿನಲ್ಲಿ, ಅಕ್ಕನ ಮಗ ಕೆಂಚೇಶ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಮೀಟರಿನ ಅಂಕಿ ಮಲಗಿದಲ್ಲಿಂದ ಏಳುತ್ತಿರಲಿಲ್ಲ, ಒಣ ಗಾಳಿ. ಬೇಸಿಗೆಯಲ್ಲಿ 0.08. ಜಗಳೂರಿಗೆ ಹೋದಾಗಲೆಲ್ಲ ಅವನು ಆ ಅಂಕಿಯನ್ನು ನೋಡಿ ಒಂದು ಸಮಾಧಾನ ಪಡುತ್ತಿದ್ದ. ಜಗಳೂರಿನ ಗಾಳಿಯಾದರೂ ತನ್ನ ಕಡೆಗಿದೆ ಎಂಬಂಥ ಸಮಾಧಾನ. ಇದು ಹೊಟ್ಟೆಕಿಚ್ಚು ಎಂದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಹೊಟ್ಟೆಕಿಚ್ಚು ಪರರ ಮೇಲೆ ಪಡುವಂಥದ್ದು, ಕಟ್ಟಿಕೊಂಡ ಹೆಂಡತಿಯ ಮೇಲೆ ಪಟ್ಟರೆ ಅದಕ್ಕೆ ಬೇರೆ ಏನೋ ಹೆಸರಿರಬೇಕು ಎಂದುಕೊಂಡು ಆ ಹೆಸರು ಹುಡುಕುವುದನ್ನು ಮುಂದೆ ಹಾಕಿದ್ದ.

ಆಯುಧಪೂಜೆಯ ದಿನ ಅವ್ವ ಬೈಕಿಗೆ ಪೂಜೆ ಮಾಡಿ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ, ಈಳಿಗೆಗೆ, ಮೊಮ್ಮಗಳ ಜಾಮಿಟ್ರಿ ಬಾಕ್ಸಿಗೆ ಕುಂಕುಮ ಇಟ್ಟು ಮುಗಿಸಿ, ತಟ್ಟೆ ಹಿಡಿದುಕೊಂಡು ಮೆಟ್ಟಿಲ ಕಡೆ ತಿರುಗಿದಳು. ಜ್ಯೋತಿ ಊರಲ್ಲಿರಲಿಲ್ಲ, ಲ್ಯಾಬಿನಲ್ಲಿ ಪೂಜೆ ಎಂದು ದಾವಣಗೆರೆಯಲ್ಲೇ ಉಳಿದಿದ್ದಳು.

"ತಾರಸಿ ಮ್ಯಾಲೆ ಐತಲ್ಲ ಜ್ಯೋತಿ ಡಬ್ಬಿ, ಅದಕ್ಕೆ ಬ್ಯಾಡ್ವೇನೋ? ಎಲ್ಲಾಕಿಂತ ಅದೇ ದೊಡ್ಡ ಆಯುಧ ಈಗ ಮನ್ಯಾಗೆ."

ಅವನು ಅವ್ವನ ಹಿಂದೆ ಹತ್ತಿದ. ಅವ್ವ ಡಬ್ಬಿಯ ಮುಂದೆ ಕೂತು, ಅದನ್ನು ನಾಲ್ಕೂ ಕಡೆಯಿಂದ ನೋಡಿ, "ಬರೀ ಡಬ್ಬಿಗೆ ಕುಂಕುಮ ಇಟ್ರೆ ಏನ್ ಬಂತು? ಮಾಡ್ಬೇಕಾಗಿದ್ದು ಒಳಗಿರೋದಕ್ಕೆ. ಮುಚ್ಚಳ ತೆಗಿ" ಅಂದಳು. ಮುಚ್ಚಳ ಜಾಲರಿಯದು, ಗಾಳಿ ಆಡಲಿ ಎಂದು. ಅದನ್ನು ತೆಗೆಯಬಾರದು, ಪೊರೆಗೆ ಏನೂ ತಾಗಿಸಬಾರದು ಎಂದು ಜ್ಯೋತಿ ಮೊದಲ ದಿನವೇ ಹೇಳಿದ್ದಳು. ಇನ್ನೊಂದು ಮಾತೂ ಹೇಳಿದ್ದಳು. ಜೂನಿನಲ್ಲಿ ಪೊರೆಯ ಒಂದು ಬದಿಯ ಹಿಡಿಕೆ ಕಿತ್ತು ಬಂದಾಗ ತಾತ್ಕಾಲಿಕ ಎಂದು ಚನ್ನಗಿರಿಯ ಹಾರ್ಡ್‌ವೇರ್ ಅಂಗಡಿಯಿಂದ ಸತುವಿನ ಲೇಪದ ಕ್ಲಿಪ್ಪು ತಂದು ಹಾಕಿದ್ದಳು. ಇನ್ನೊಂದು ಬದಿ ತಾಮ್ರದ ತಂತಿ. "ಒಣಗಿರೋ ತನಕ ಏನೂ ಆಗಲ್ಲ. ಅಪ್ಪಿತಪ್ಪಿ ನೀರು ಗೀರು ಬಿದ್ರೆ ಷರಾದಾಗೆ ಬರೀರಿ, ಮರೀಬೇಡ್ರಿ." ಇಷ್ಟು ನೆನಪಿದ್ದೂ ಅವನು ಮುಚ್ಚಳ ತೆಗೆದ. ಅವ್ವ ಹೇಳಿದಳಲ್ಲ, ತಾಯಿಯ ಮಾತು ಮೀರಬಾರದಲ್ಲ ಎಂಬ ಒಂದು ನೆವ ಕೈಗೆ ಸಿಕ್ಕಿತ್ತು. ನೆವ ಸಿಕ್ಕ ಕೂಡಲೇ ಕೈ ಎಷ್ಟು ಚುರುಕಾಯಿತು ಎಂಬುದನ್ನು ಅವನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡ.

"ಎಷ್ಟು ಜನದ ಕಣ್ಣು ಬಿದ್ದೈತೋ ನಮ್ಮ ಹುಡುಗಿ ಮ್ಯಾಲೆ. ಹಣ್ಣು ಕೊಯ್ದು ಕೊಡು."

ಅವನು ನಿಂಬೆಹಣ್ಣು ಕೊಯ್ದು, ಎರಡು ಹೋಳಿಗೂ ಕುಂಕುಮ ಹಚ್ಚಿ ಕೊಟ್ಟ. ಅವ್ವ ಹೋಳುಗಳನ್ನು ಮೂರು ಸುತ್ತು ನಿವಾಳಿಸಿ, "ಊರೋರ ಕಣ್ಣು ಹೋಗ್ಲಿ, ಕೇರಿಯೋರ ಕಣ್ಣು ಹೋಗ್ಲಿ, ಮನೆಯೋರ ಕಣ್ಣಿದ್ರೂ ಹೋಗ್ಲಿ" ಎಂದು ಡಬ್ಬಿಯ ಮೇಲೆಯೇ ಹಿಂಡಿದಳು. ರಸ ಪೊರೆಯ ಮೇಲೆ ಬಿತ್ತು, ಕ್ಲಿಪ್ಪಿನ ಮೇಲೆ ಇಳಿಯಿತು, ತಂತಿಯ ತುದಿಗೆ ಹೋಗಿ ನಿಂತಿತು. ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಅವನು ಮಾಡಿ ತೋರಿಸುವ ಪ್ರಯೋಗ ಅದು. ಒಂದು ನಿಂಬೆಹಣ್ಣು, ಒಂದು ಸತುವಿನ ಚೂರು, ಒಂದು ತಾಮ್ರದ ತಂತಿ. ಎಷ್ಟು ವೋಲ್ಟು ಬರುತ್ತದೆ ಎಂದು ಮಕ್ಕಳನ್ನು ಕೇಳಿ, ಬೋರ್ಡಿನ ಮೇಲೆ ಉತ್ತರ ಬರೆದು ಅಡಿಗೆರೆ ಎಳೆಯುತ್ತಿದ್ದ. ಎರಡು ಗಂಟೆಗೆ ಮೀಟರ್ ನೋಡಿದಾಗ ಅದೇ ಉತ್ತರ ಇತ್ತು. ಅವನು ದುಂಡಗೆ 0.93 ಎಂದು ಬರೆದ, ಸಹಿ ಹಾಕಿದ. ಷರಾ ಕಾಲಮ್ಮಿನ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಕ್ಯಾಪು ಹಾಕಿಕೊಂಡಿತು.

ಅವತ್ತು ಸಂಜೆ ಫೋನಿನಲ್ಲಿ ಜ್ಯೋತಿಗೆ ಅಂಕಿ ಹೇಳಿದ. "0.93? ಸರಿಯಾಗಿ ನೋಡಿದ್ರೇನ್ರೀ? ಏನಾದ್ರೂ ಬಿದ್ದಿತ್ತಾ, ನೀರು ಗೀರು?" "ನೋಡ್ದೆ. ಏನೂ ಇಲ್ಲ" ಎಂದ. ಮೂರನೆಯ ದಿನ ಅವಳ ದನಿ ನೆಲದ ಮೇಲಿರಲಿಲ್ಲ. "ರೀ, ಇದು ನಿಂತ್ಕೊಂಡ್ರೆ ಸೆಮಿನಾರಿಗೆ ಇದೇ ಮುಖ್ಯ ಆಗ್ತದೆ. ಗೈಡ್ ಸರ್ ಗ್ರಾಫ್ ನೋಡಿ ಕುರ್ಚಿಯಿಂದ ಎದ್ದುಬಿಟ್ರು." ಅವಳ ಖುಷಿ ಕೇಳುತ್ತ ಅವನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಅದು ಪಾಪದ ಭಯವಲ್ಲ, ಸಂತೋಷ. ಆ ಗ್ರಾಫು ಗೋಡೆಯ ಮೇಲೆ ಬೀಳುತ್ತದೆ. ಹೊರಗಿನಿಂದ ಬಂದ ಯಾವನೋ ಪ್ರೊಫೆಸರು ಕನ್ನಡಕ ಮೇಲೆತ್ತಿ, ಏನಮ್ಮ ಇದು, ಗಾಳಿಯ ತೇವಕ್ಕೂ ಇದಕ್ಕೂ ಸಂಬಂಧವೇ ಇಲ್ಲವಲ್ಲ ಅನ್ನುತ್ತಾನೆ. ಅವಳು ತಡವರಿಸುತ್ತಾಳೆ. ಆ ತಡವರಿಕೆಯನ್ನು ಒಂದು ಸಲ ನೋಡಿದರೆ ಸಾಕು, ಆಮೇಲೆ ತಾನೇ ಎದ್ದು ಸಮಾಧಾನ ಹೇಳುತ್ತೇನೆ, ಊರಿಗೆ ಕರೆದುಕೊಂಡು ಹೋಗುತ್ತೇನೆ, ಹೊಸ್ತಿಲ ಮೇಲೆ ಕೂರಿಸಿಕೊಂಡು ತಪ್ಪೆಲ್ಲಾಯಿತು ಎಂದು ಬಿಡಿಸಿ ತೋರಿಸುತ್ತೇನೆ. ಇಷ್ಟನ್ನೂ ಅವನು ಫೋನು ಕಿವಿಗಿಟ್ಟುಕೊಂಡೇ ನೋಡಿದ್ದ. ತಾನು ಎಷ್ಟು ಸಣ್ಣವನು ಎಂದು ಆ ರಾತ್ರಿ ಅವನಿಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ಮರುದಿನ 0.91 ಎಂದು ಬರೆದ, ಅದರ ಮರುದಿನ 0.88.

ಎರಡನೆಯ ಭಾನುವಾರ ಅವಳು ಬಂದಳು. ತಾರಸಿಯ ಮೇಲೆ ಒಬ್ಬಳೇ ಅರ್ಧ ಗಂಟೆ ಇದ್ದು, ಹಳೆಯ ಪೊರೆ ತೆಗೆದು ಹೊಸದು ಕೂರಿಸಿ, ಕ್ಲಿಪ್ಪನ್ನೂ ಬದಲಿಸಿ ಕೆಳಗಿಳಿದಳು. ಕೈ ಒರೆಸಿಕೊಳ್ಳುತ್ತ ಸಹಜವಾಗಿ ಕೇಳಿದಳು, "ಹಬ್ಬದಾಗೆ ಅತ್ತೆ ಇದಕ್ಕೂ ಪೂಜೆ ಮಾಡಿದ್ರಾ?" "ಹೂಂ, ಮಾಡಿದ್ರು. ಹೂವು ಇಟ್ರು" ಅಂದ. "ಹೂವು ಅಷ್ಟೇನಾ?" "ಅಷ್ಟೇ." ಅವಳು ಸರಿ ಎಂದು ಒಳಗೆ ಹೋಗಿ ಅತ್ತೆಗೆ ರೊಟ್ಟಿ ತಟ್ಟಿಕೊಟ್ಟಳು. ಸದ್ಯ, ಗೊತ್ತಾಗಲಿಲ್ಲ ಎಂದು ಅವನು ಉಸಿರು ಬಿಟ್ಟಿದ್ದ. ಉಸಿರು ಬಿಟ್ಟ ಮೇಲೆ ತಿಳಿಯಿತು, ಗೊತ್ತಾಗಿದ್ದರೇ ಚೆನ್ನಾಗಿತ್ತು.

ಬಸ್ಸಿನಲ್ಲಿ ಸಂತೆಬೆನ್ನೂರು ದಾಟುವಾಗ ಅವನು ನಿರ್ಧಾರ ಮಾಡಿದ. ಹೇಳಿಬಿಡಬೇಕು, ಸೆಮಿನಾರು ಶುರುವಾಗುವ ಮೊದಲೇ. ಒಂದು ಸ್ಲೈಡು ತೆಗೆಯಲು ಎಷ್ಟು ಹೊತ್ತು? ಹೇಗೆ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಹೇಳಿ ನೋಡಿದ. ಜ್ಯೋತಿ, ಒಂದು ವಿಷಯ ಮರೆತಿದ್ದೆ. ಮರೆತಿದ್ದೆ ಅನ್ನುವುದು ಸುಳ್ಳು. ಜ್ಯೋತಿ, ಅವ್ವ ಅವತ್ತು ಗೊತ್ತಿಲ್ಲದೆ. ಅವ್ವನಿಗೆ ಗೊತ್ತಿರಲಿಲ್ಲ ಸರಿ, ನಿನಗೆ? ಪಕ್ಕದಲ್ಲಿ ಕೂತಿದ್ದ ಹೆಂಗಸು ಇವನ ತುಟಿ ಅಲ್ಲಾಡುವುದನ್ನು ನೋಡಿ ಚೀಲವನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು.

ಯೂನಿವರ್ಸಿಟಿಯ ವರಾಂಡದಲ್ಲಿ ಮಾವ ನಾಗೇಂದ್ರಪ್ಪ ಮೊದಲೇ ಬಂದು ಕೂತಿದ್ದರು. ನ್ಯಾಮತಿಯಿಂದ ಹೊನ್ನಾಳಿಗೆ ಬಂದು, ಅಲ್ಲಿಂದ ದಾವಣಗೆರೆ ಬಸ್ಸು ಹಿಡಿದಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರಿಜಿಸ್ಟರು. ಬಿಳಿ ಅಂಗಿ, ಬಿಳಿ ಪಂಚೆ. ಅವರು ಮದುವೆಗೆ ಹೊರಟವರ ಹಾಗೆಯೇ ಕಾಣುತ್ತಿದ್ದರು, ಮತ್ತು ಅದರಿಂದ ಅವರಿಗೆ ಏನೂ ಆಗಿರಲಿಲ್ಲ. "ಬರ್ರಿ ಅಳಿಯಂದ್ರೆ. ನಿನ್ನೆ ತನಕ ಬರ್ದೀನಿ, ನೋಡ್ರಿ, ಒಂದು ದಿನ ತಪ್ಪಿಲ್ಲ." ಜ್ಯೋತಿ ದೂರದಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ಹಸಿರು ಸೀರೆ, ಕೊರಳಲ್ಲಿ ಗುರುತಿನ ಚೀಟಿ. ಇವನನ್ನು ಕಂಡು ಕೈಯೆತ್ತಿದಳು. ಅವನು ಹತ್ತಿರ ಹೋದ. "ಜ್ಯೋತಿ, ಒಂದು ಮಾತು..." "ಆಮೇಲೆ ಹೇಳ್ರಿ, ಹೊರಗಿನ ಪ್ರೊಫೆಸರು ಬಂದ್ರು. ಇವರು ನಮ್ಮ ಮನೆಯವರು, ಸೂಳೆಕೆರೆ ರೀಡಿಂಗ್ ಇವರೇ ತಗೊಂಡಿದ್ದು" ಎಂದು ಪಕ್ಕದವರಿಗೆ ಪರಿಚಯಿಸಿದಳು. ಆ ಪಕ್ಕದವನು, ಅವಳ ಲ್ಯಾಬಿನವನೇ, ಹೆಸರು ವಿನಯ್ ಕುಮಾರ್ ಅಂತೆ, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಇವನ ಕೈ ಕುಲುಕಿ "ಮೇಡಂ ನಿಮ್ಮ ಬಗ್ಗೆ ತುಂಬಾ ಹೇಳ್ತಿರ್ತಾರೆ ಸರ್" ಅಂದ. ಏನು ಹೇಳಿರುತ್ತಾಳೆ? ಈ ಹುಡುಗನಿಗೆ ಹೇಳಲು ಅವಳಿಗೆ ವೇಳೆ ಇದೆ. ಹೇಳಬೇಕೆಂದುಕೊಂಡಿದ್ದ ಮಾತು ಅಲ್ಲಿಗೆ ಹಿಂದಕ್ಕೆ ಹೋಯಿತು. ಒಂದು ನಿಮಿಷ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆಯಬಹುದಿತ್ತು, ಕರೆಯಲಿಲ್ಲ.

ಕೊನೆಯ ಸಾಲಿನಲ್ಲಿ ಮಾವನ ಪಕ್ಕ ಕೂತ. ಕಿಟಕಿಗಳಿಗೆ ಪರದೆ ಎಳೆದರು. ಜ್ಯೋತಿ ಮೊದಲು ಒಂದು ಸಣ್ಣ ಗಡಿಯಾರವನ್ನು ಮೇಜಿನ ಮೇಲಿಟ್ಟು, ಪೊರೆಗಳ ಸಾಲಿಗೆ ತಂತಿ ಸೇರಿಸಿದಳು. ಗಡಿಯಾರ ಓಡತೊಡಗಿತು. ಬರೀ ಗಾಳಿಯಿಂದ. ಮಾವ ತಮ್ಮ ಕೈಗಡಿಯಾರದ ಜೊತೆ ಹೋಲಿಸಿ ನೋಡಿ ತಲೆದೂಗಿದರು. ಆಮೇಲೆ ಸ್ಲೈಡುಗಳು. ಗೋವಿನಕೋವಿಯ ಗೆರೆ ಹೊಳೆಯ ಹಾಗೆ ಏರಿಳಿದು ಹೋಯಿತು. ಜಗಳೂರಿನ ಗೆರೆ ನೆಲ ಹಿಡಿದು ಹೋಯಿತು. ಮುಂದಿನದು ಸೂಳೆಕೆರೆ ಎಂದಾಗ ತಿಪ್ಪೇರುದ್ರ ರಿಜಿಸ್ಟರಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಗೆರೆ ಜನವರಿಯಿಂದ ಹೊರಟಿತು, ಬೇಸಿಗೆಯಲ್ಲಿ ಇಳಿಯಿತು, ಮಳೆಗಾಲದಲ್ಲಿ ಏರಿತು, ಸೆಪ್ಟೆಂಬರ್ ದಾಟಿತು. ಅಕ್ಟೋಬರಿನಲ್ಲಿ ನಿಂತುಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೆರಳಗಲದ ಬಿಳಿ ಜಾಗ. ಅದರಾಚೆ ಗೆರೆ ಮತ್ತೆ ಅರ್ಧ ವೋಲ್ಟಿನಿಂದ ಶುರುವಾಗಿ ಮುಂದೆ ನಡೆದಿತ್ತು.

ಹೊರಗಿನಿಂದ ಬಂದಿದ್ದ ಪ್ರೊಫೆಸರು ಅವನು ಅಂದುಕೊಂಡಿದ್ದ ಹಾಗೆಯೇ ಕನ್ನಡಕ ಮೇಲೆತ್ತಿದರು. "ಅಕ್ಟೋಬರಲ್ಲಿ ಯಾಕಮ್ಮ ಖಾಲಿ?"

"ಒಂಬತ್ತು ದಿನದ ರೀಡಿಂಗ್ ಬಿಟ್ಟಿದೀನಿ ಸರ್. ಆ ದಿನ 0.9ರ ತನಕ ಬಂದಿತ್ತು."

"0.9 ಬಂದಿದ್ದನ್ನ ಬಿಟ್ರಾ? ಎಲ್ಲಾರೂ ಅದನ್ನೇ ಮೊದಲ ಪುಟಕ್ಕೆ ಹಾಕ್ತಿದ್ರು."

"ಅದು ಗಾಳಿಯ ಕರೆಂಟಲ್ಲ ಸರ್. ಅದೇ ದಿನ ಗೋವಿನಕೋವಿಯಲ್ಲಿ ಏರಿಲ್ಲ, ಜಗಳೂರಿನಲ್ಲಿ ಏರಿಲ್ಲ. ಸೂಳೆಕೆರೆಯಲ್ಲಿ ಗಾಳಿಯ ತೇವ ಇಳಿದ ಮಧ್ಯಾಹ್ನವೂ ಇದು ಇಳಿದಿಲ್ಲ. ಗಾಳಿಯದ್ದೇ ಆಗಿದ್ದರೆ ಗಾಳಿಯ ಮಾತು ಕೇಳಬೇಕಿತ್ತು. ಕ್ಲಿಪ್ಪಿನ ಮೇಲೆ ಹುಳಿ ಬಿದ್ದು ಅದೇ ಒಂದು ಸಣ್ಣ ಬ್ಯಾಟರಿ ಆಗಿತ್ತು. ಸತುವಿನ ಕ್ಲಿಪ್ಪು ಹಾಕಿದವಳು ನಾನು, ತಪ್ಪು ನನ್ನದು."

ಆ ಪ್ರೊಫೆಸರು ಕನ್ನಡಕ ಇಳಿಸಿ, "ನಿಮ್ಮ ಇಡೀ ಕೆಲಸದಲ್ಲಿ ನನಗೆ ಹಿಡಿಸಿದ್ದು ಈ ಖಾಲಿ ಜಾಗ" ಅಂದರು. ಮಾವ ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದರು. ಅವರ ಹಿಂದೆ ಹುಡುಗ ಹುಡುಗಿಯರೂ ತಟ್ಟಿದರು. ತಿಪ್ಪೇರುದ್ರನ ಕೈಯೂ ಅದರಲ್ಲಿ ಸೇರಿಕೊಂಡಿತು. ತಟ್ಟುತ್ತ ತಟ್ಟುತ್ತ ಅವನಿಗೆ ಮೊದಲು ಬಂದದ್ದು ನಾಚಿಕೆ ಅಲ್ಲ. ಅಲ್ಲೂ ಅವಳೇ ಗೆದ್ದಳಲ್ಲ ಎಂಬ ಉರಿ. ಅವಳಿಗೆ ಕೇಡು ಬಗೆದ ಒಂಬತ್ತು ದಿನವೇ ಅವಳಿಗೆ ಹೊಗಳಿಕೆ ತಂದುಕೊಟ್ಟಿತ್ತು. ನಾಚಿಕೆ ಆಮೇಲೆ ಬಂತು. ಪರದೆ ಸರಿಸಿ ಬೆಳಕು ಬಿಟ್ಟಾಗ, ಎಲ್ಲರೂ ತನ್ನ ಚೌಕಳಿ ಅಂಗಿಯನ್ನೇ ನೋಡುತ್ತಿದ್ದಾರೆ ಎಂದು ಅನ್ನಿಸಿದಾಗ, ಒಟ್ಟಿಗೇ ಬಂತು.

ಹೊರಗೆ ಹೊಂಗೆ ಮರದ ಕೆಳಗೆ ಕಲ್ಲಿನ ಬೆಂಚು. "ಅಪ್ಪಾಜಿ, ನೀವು ವಿನಯ್ ಜೊತೆ ಹೋಗಿ ಚಹಾ ಕುಡೀರಿ, ಬಂದ್ವಿ" ಎಂದು ತಂದೆಯನ್ನು ಕಳಿಸಿ ಅವಳು ಅವನ ಪಕ್ಕ ಕೂತಳು. ರಿಜಿಸ್ಟರ್ ಕೇಳಿ ತೆಗೆದುಕೊಂಡು, ಹುಡುಕುವ ಅಗತ್ಯವೇ ಇಲ್ಲದವಳ ಹಾಗೆ ಆ ಪುಟ ತೆರೆದಳು. ಪರ್ಸಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಪುಟದ ಮೇಲಿಟ್ಟಳು. ಲ್ಯಾಬಿನವರು ಮಾದರಿ ಹಾಕಿಡುವಂಥದ್ದು. ಮೇಲೆ ತಾರೀಖು, 'ಸೂಳೆಕೆರೆ' ಎಂಬ ಬರಹ. ಒಳಗೆ ಒಣಗಿದ ಒಂದು ನಿಂಬೆ ಬೀಜ.

"ಎಲ್ಲಾ ರಿಜಿಸ್ಟರ್ ಸ್ಕ್ಯಾನ್ ಮಾಡಿ ಪ್ರಬಂಧದ ಹಿಂದೆ ಹಾಕ್ಬೇಕು. ಗ್ರಾಫಿನಾಗೆ ಬಿಟ್ಟಿದ್ದು ಯಾಕೆ ಅಂತ ಇಲ್ಲಿ ಇರ್ಬೇಕಲ್ಲ. ಷರಾ ಖಾಲಿ ಐತೆ."

"ಅವತ್ತು ಭಾನುವಾರನೇ ಗೊತ್ತಾಗಿತ್ತಾ?"

"ಬೀಜ ಸಿಕ್ಕಿತ್ತು. ಅದಕ್ಕೇ ನಿಮ್ಮನ್ನ ಕೇಳ್ದೆ. ನೀವು ಹೂವು ಅಂದ್ರಿ."

ಅವನು ಮರದ ಬೇರು ನೋಡಿದ. "ಏನಂತ ಬರೀಲಿ?"

"ನಾನು ಹೇಳೋ ಹಂಗಿದ್ರೆ ನಾನೇ ಬರೀತಿದ್ದೆ ಅಲ್ವೇನ್ರೀ. ರೀಡಿಂಗ್ ತಗೊಂಡೋರು ಬರೀಬೇಕು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಅದಕ್ಕೆ ಎದುರು ಸಿಟ್ಟು ಮಾಡಿ ಬಸ್ಸು ಹತ್ತಿಬಿಡುತ್ತಿದ್ದ. ಅವಳು ಕೊಟ್ಟ ಪೆನ್ನು ಹಿಡಿದು ಬರೆದ: ಆಯುಧಪೂಜೆಯ ದಿನ ತಾಯಿಯವರು ಪೂಜೆ ಮಾಡುವಾಗ ನಿಂಬೆರಸ ಬಿದ್ದಿದೆ. ಅವಳು ಓದಿ, "ಅತ್ತೆ ಮ್ಯಾಲೆ ಹಾಕಿದ್ರಿ" ಎಂದಳು. ಅಷ್ಟೇ. ಅವನು ಮತ್ತೆ ಬಗ್ಗಿದ. ಮುಚ್ಚಳ ತೆಗೆದವನು, ಹಣ್ಣು ಕೊಯ್ದು ಕೊಟ್ಟವನು ನಾನು. ಬಿದ್ದದ್ದು ನೋಡಿದ್ದೆ, ಅಂಕಿ ಸುಳ್ಳು ಎಂದು ಗೊತ್ತಿತ್ತು, ಬರೆಯಲಿಲ್ಲ. ಇಷ್ಟಕ್ಕೆ ಒಂದು ದಿನದ ಸಾಲು ತುಂಬಿ ಕೆಳಗಿನ ಎಂಟೂ ದಿನಗಳ ಷರಾಕ್ಕೆ ಅಕ್ಷರ ಇಳಿದಿತ್ತು. ಕೊನೆಯ ದಿನದ ಪಕ್ಕ ಸ್ವಲ್ಪ ಜಾಗ ಉಳಿಯಿತು.

"ಯಾಕೆ?" ಅಂದಳು. ಕೇಳಿದವಳು ಸಂಶೋಧಕಿಯೋ ಹೆಂಡತಿಯೋ ಅವನಿಗೆ ತಿಳಿಯಲಿಲ್ಲ. ಬೇರೆ ಹೆಸರೇನಾದರೂ ಇದೆಯೇ ಎಂದು ಮೂರು ವರ್ಷದಿಂದ ಮುಂದೆ ಹಾಕಿಕೊಂಡು ಬಂದಿದ್ದ. ಇರಲಿಲ್ಲ. ಉಳಿದ ಜಾಗದಲ್ಲಿ 'ಹೊಟ್ಟೆಕಿಚ್ಚು' ಎಂದು ಬರೆದು, ಶಾಲೆಯ ದಾಖಲೆಗಳ ಅಭ್ಯಾಸ ಬಲದಿಂದ ಪೂರ್ಣ ಸಹಿ ಹಾಕಿದ. ಜೆ. ಎಂ. ತಿಪ್ಪೇರುದ್ರ. ಸಹಿ ಹಾಕಿದ ಮೇಲೆ ಹೊಳೆಯಿತು, ನೂರ ಎಪ್ಪತ್ತು ಪುಟದ ಆ ಪ್ರಬಂಧದಲ್ಲಿ ಕೊನೆಗೂ ತನ್ನ ಹೆಸರು ಬರುತ್ತದೆ. ಎಲ್ಲಿ ಎಂದು ಹುಡುಕುವ ಕಷ್ಟ ಇನ್ನಿಲ್ಲ.

ಜ್ಯೋತಿ ಆ ಪದವನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ. "ನಿಮ್ಮನ್ನ ಮೆಚ್ಚಿಸಾಕೇ ಅಂತ ಶುರು ಮಾಡಿದ್ದು ಇದನ್ನ" ಎಂದಳು. ಪುಟ ತಿರುವಿ ಇವತ್ತಿನ ಸಾಲಿಗೆ ಬಂದಳು. ಅದು ಖಾಲಿ ಇತ್ತು.

"ಇವತ್ತು ಬೆಳಿಗ್ಗೆ ನೋಡ್ಲಿಲ್ವಾ?"

"ಇಲ್ಲ. ಅಂಗಿ ಯಾವುದು ಹಾಕ್ಕೊಳ್ಳೋದು ಅಂತ ನಿಂತಿದ್ದೆ. ಏಳು ದಾಟಿಹೋಯ್ತು."

ಅವಳು ಅವನ ಚೌಕಳಿ ಅಂಗಿಯನ್ನು ನೋಡಿದಳು, ನಗಲಿಲ್ಲ. "ನಾಳೆಯಿಂದ ರೀಡಿಂಗ್ ಅತ್ತೆ ತಗೋಳ್ಲಿ. ಅಂಕಿ ಓದಾಕೆ ಬರ್ತದೆ ಅವರಿಗೆ, ಫೋನ್ ಹಚ್ತಾರಲ್ಲ. ಅವರು ಹೇಳಿದ್ದನ್ನ ನೀವು ಬರ್ಕೊಳ್ರಿ, ಸಾಕು" ಎಂದು ರಿಜಿಸ್ಟರ್ ಅವನ ಚೀಲಕ್ಕೆ ಹಾಕಿ, ಬೀಜದ ಪೊಟ್ಟಣವನ್ನು ತನ್ನ ಪರ್ಸಿಗೆ ಹಾಕಿಕೊಂಡು ಎದ್ದಳು. ಸ್ಕ್ಯಾನಿಗೆ ತಿಂಗಳ ಕೊನೆಗೆ ತಂದರೆ ಆಯಿತು ಎಂದಳು.

ಮರುದಿನ ಬೆಳಿಗ್ಗೆ ಕೆರೆಯ ಕಡೆಯಿಂದ ಮಂಜು ಬಂದು ಬೀದಿ ತುಂಬಿತ್ತು. ಮೆಟ್ಟಿಲ ಬುಡದಲ್ಲಿ ಅವನು ರಿಜಿಸ್ಟರ್ ತೆರೆದುಕೊಂಡು ನಿಂತಿದ್ದ. ಮೇಲೆ ಅವ್ವ ಕನ್ನಡಕ ಸರಿಮಾಡಿಕೊಂಡು ಡಬ್ಬಿಯ ಮುಂದೆ ಕೂತಿದ್ದಳು. ಸೊಸೆ ರಾತ್ರಿಯೇ ಫೋನಿನಲ್ಲಿ ಎಲ್ಲ ಹೇಳಿಕೊಟ್ಟಿದ್ದಳು, ಏನೇನು ಹೇಳಿದಳು ಎಂದು ಅವನು ಕೇಳಿರಲಿಲ್ಲ.

"ಸೊನ್ನೆ. ಚುಕ್ಕೆ. ಐದು. ಒಂದು." ಅವ್ವ ತಾರಸಿಯಿಂದ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಮಂಜು ಐತೆ ಅಂತ ಬರ್ಕೋ. ಕಾಗೆ ಬಂದು ಕೂತಿತ್ತು, ಓಡಿಸಿದೆ ಅಂತ ಬರ್ಕೋ. ಬರ್ದ್ಯಾ?"

"ಬರ್ದೆ ಅವ್ವ."

"ಎಲ್ಲಾನೂ ಬರ್ದ್ಯಾ?"